ಎಕ್ಸ್-ಪ್ಲೇನ್ 11: ಬಜ್ಪೆ ರನ್‌ವೇ ಮಧ್ಯದಲ್ಲಿ ಗುಂಡಿ, ಟರ್ಮಿನಲ್ ಮಾಯ, ಮರ ಒಂದೂ ಇಲ್ಲ. ಎಂತ ಮಾಡುದು?

ಬಜ್ಪೆ_ಫೈನಲ್

ಒಂದು ವಾರದಿಂದ ಮಂಡೆ ಬಿಸಿ ಆಗಿ ಕೂತಿದ್ದೇನೆ ಮಾರಾಯ್ರೆ, ಯಾರಾದ್ರೂ ಸ್ವಲ್ಪ ದಾರಿ ಹೇಳಿ. ಎಕ್ಸ್-ಪ್ಲೇನ್ 11 (ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್) ಹಾಕಿ ಎರಡು ವರ್ಷ ಆಯ್ತು, ಇಷ್ಟು ದಿವಸ ಡಿಫಾಲ್ಟ್ ಸೀನರಿಯಲ್ಲೇ ಹಾರಿಸ್ತಾ ಇದ್ದೆ, ಆದ್ರೆ ನಮ್ಮ ಊರಿನ ಮೇಲೆ ಹೋಗುವಾಗ ಅದು ಊರಿನ ಹಾಗೆ ಕಾಣ್ಬೇಕಲ್ವಾ ಅಂತ ಒಂದು ಫ್ರೀವೇರ್ ಮಂಗಳೂರು (ಬಜ್ಪೆ) ಏರ್‌ಪೋರ್ಟ್ ಇಳಿಸಿದೆ, ಅದರ ಹಿಂದೆಯೇ ಆರ್ಥೋ4ಎಕ್ಸ್‌ಪಿಯಲ್ಲಿ (ಮೇಲಿಂದ ತೆಗೆದ ಫೋಟೋ ಹಾಕಿ ನೆಲ ಮಾಡುವ ಟೂಲ್) +12+074 ಟೈಲನ್ನು, ಅಂದ್ರೆ ನಕ್ಷೆಯ ಒಂದು ಚೌಕವನ್ನು, ಝೂಮ್ ಲೆವೆಲ್ 17ರಲ್ಲಿ ರಾತ್ರಿ ಇಡೀ ಕೂತು ಮಾಡಿದೆ. ಬೆಳಿಗ್ಗೆ ಎದ್ದು ಲೋಡ್ ಮಾಡಿ ನೋಡಿದ್ರೆ ಎಲ್ಲ ಅವಾಂತರ.

ರನ್‌ವೇ ಉಂಟು, ಟ್ಯಾಕ್ಸಿವೇ ಉಂಟು, ಟರ್ಮಿನಲ್ಲೇ ಇಲ್ಲ. ರನ್‌ವೇ 24ರಿಂದ ಸೆಸ್ನಾದಲ್ಲಿ ಟೇಕಾಫ್ ರೋಲ್ ಶುರು ಮಾಡಿದ್ರೆ 40-50 ನಾಟ್ಸ್ ಬರುವಷ್ಟರಲ್ಲಿ ಮೂತಿ ಕೆಳಗೆ ಹೋಗ್ತದೆ, ಮಧ್ಯದಲ್ಲಿ ದೊಡ್ಡ ಗುಂಡಿ, ಆಮೇಲೆ ಒಂದು ದಿಬ್ಬ, ಅದರ ಮೇಲಿಂದ ವಿಮಾನ ಕಪ್ಪೆ ಹಾರಿದ ಹಾಗೆ ಹಾರ್ತದೆ. ನೆಲದಲ್ಲಿ ಫೋಟೋ ಚಂದ ಬಂದಿದೆ, ಆದ್ರೆ ಒಂದು ತೆಂಗಿನ ಮರ ಇಲ್ಲ, ಮನೆ ಇಲ್ಲ, ರಸ್ತೆಯಲ್ಲಿ ಗಾಡಿ ಇಲ್ಲ, ಕಾರ್ಪೆಟಿನ ಮೇಲೆ ಪ್ರಿಂಟ್ ಹೊಡೆದ ಹಾಗೆ ಚಪ್ಪಟೆ. ಇನ್ನು ಪೂರ್ವಕ್ಕೆ ಹೋದ್ರೆ ಬಿ.ಸಿ. ರೋಡ್ ಬರುವ ಮೊದಲೇ, ಉತ್ತರಕ್ಕೆ ಹೋದ್ರೆ ಎನ್‌ಐಟಿಕೆ ಹತ್ತಿರವೇ, ಫೋಟೋ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನಿಂತು ಆಚೆ ಹಳೆ ಡಿಫಾಲ್ಟ್ ಹಸಿರು. ಸಾಲದ್ದಕ್ಕೆ ಲೋಡ್ ಆಗುವಾಗ ಸೀನರಿ ಪ್ಯಾಕೇಜ್‌ನಲ್ಲಿ ಪ್ರಾಬ್ಲಂ ಉಂಟು, ಲಾಗ್ ಫೈಲ್ ನೋಡಿ ಅಂತ ಒಂದು ಡಬ್ಬ ಮೆಸೇಜ್ ಬರ್ತದೆ.

ಎರಡು ಸಲ ಡಿಲೀಟ್ ಮಾಡಿ ಪುನಃ ಹಾಕಿದೆ, ಅದೇ ಕತೆ. ಈಗ ಇಡೀ ಸಿಮ್ ತೆಗೆದು ಮೊದಲಿಂದ ಇನ್‌ಸ್ಟಾಲ್ ಮಾಡುವ ಅಂತ ಉಂಟು, ಪಿಜಿಯ ವೈಫೈಯಲ್ಲಿ ಅದು ಯಾವಾಗ ಮುಗಿಯುದೋ ದೇವರೇ ಬಲ್ಲ.

ಗಡಿಬಿಡಿ_ಗ್ಲೈಡರ್

ಗುರು ಆ ರೀಇನ್‌ಸ್ಟಾಲ್ ಐಡಿಯಾ ಮೊದ್ಲು ತಲೆಯಿಂದ ತೆಗಿ. ನೀನು ಹೇಳಿರೋದು ಒಂದು ಪ್ರಾಬ್ಲಂ ಅಲ್ಲ, ನಾಲ್ಕೈದು ಬೇರೆ ಬೇರೆ ಪ್ರಾಬ್ಲಂ ಒಟ್ಟಿಗೆ ಸೇರ್ಕೊಂಡಿದೆ, ಹಾಗಾಗಿ ಏನ್ ಮಾಡಿದ್ರೂ ಏನೂ ಸರಿಹೋಗ್ತಿಲ್ಲ ಅನ್ಸುತ್ತೆ. ಡಿಲೀಟ್ ಮಾಡಿ ಹಾಕಿದ್ರೂ ಅದೇ ಫೈಲು ಅದೇ ಜಾಗಕ್ಕೆ ಬಂದು ಕೂರುತ್ತೆ ಅಷ್ಟೆ.

ಕಸ್ಟಮ್ ಸೀನರಿ ಫೋಲ್ಡರ್ ಒಳಗೆ ಸೀನರಿ ಪ್ಯಾಕ್ಸ್ ಐಎನ್ಐ ಅಂತ ಒಂದು ಫೈಲಿದೆ ನೋಡು, ಸಿಮ್ ಕ್ಲೋಸ್ ಮಾಡಿ ನೋಟ್‌ಪ್ಯಾಡ್‌ನಲ್ಲಿ ಅದನ್ನ ಓಪನ್ ಮಾಡಿ ಮೇಲಿಂದ ಕೆಳಗೆ ಯಾವ್ಯಾವ ಹೆಸರು ಯಾವ ಆರ್ಡರ್‌ನಲ್ಲಿದೆ ಅಂತ ಇಲ್ಲಿ ಹಾಕು. ಅದು ನೋಡದೆ ಯಾರು ಏನೇ ಹೇಳಿದ್ರೂ ಕಣಿ ಹೇಳ್ದಂಗೆ.

ಬಜ್ಪೆ_ಫೈನಲ್

ಮೇಲಿಂದ ಕೆಳಗೆ ಹೀಗೆ ಉಂಟು: ಝಡ್‌ಆರ್ಥೋ +12+074, ಆಮೇಲೆ ಮಂಗಳೂರು ವಿಓಎಂಎಲ್ (ಏರ್‌ಪೋರ್ಟಿನ ಕೋಡ್), ಆಮೇಲೆ ಗ್ಲೋಬಲ್ ಏರ್‌ಪೋರ್ಟ್ಸ್, ಆಮೇಲೆ ಸಿಮ್ ಜೊತೆಯಲ್ಲೇ ಬಂದ ಐದಾರು ಡೆಮೊ ಏರಿಯಾ, ಅಷ್ಟೇ. ಇದನ್ನು ನಾನು ಮುಟ್ಟಿಯೇ ಇಲ್ಲ, ಅದೇ ಬರ್ಕೊಂಡದ್ದು.

ಗಡಿಬಿಡಿ_ಗ್ಲೈಡರ್

ಸಿಕ್ತು ನೋಡು. ಹೊಸದಾಗಿ ಏನೇ ಹಾಕಿದ್ರೂ ಸಿಮ್ ಅದನ್ನ ಲಿಸ್ಟಿನ ತಲೆ ಮೇಲೆ ತಂದು ಕೂರಿಸುತ್ತೆ. ನೀನು ಏರ್‌ಪೋರ್ಟ್ ಆದ್ಮೇಲೆ ಆರ್ಥೋ ಹಾಕ್ದೆ, ಅದು ಎಲ್ಲರಿಗಿಂತ ಮೇಲೆ ಹೋಯ್ತು. ಆರ್ಥೋ ಟೈಲ್ ಅಂದ್ರೆ ಬರೀ ಫೋಟೋ ಅಲ್ಲ, ಅದು ನೆಲಾನೇ, ಬೇಸ್ ಮೆಶ್. ಒಂದು ಡಿಗ್ರಿ ಚೌಕಕ್ಕೆ ಒಂದೇ ಮೆಶ್ ಲೋಡ್ ಆಗೋದು, ಲಿಸ್ಟಲ್ಲಿ ಮೇಲಿರೋದು ಗೆಲ್ಲುತ್ತೆ, ಅದಕ್ಕಿಂತ ಕೆಳಗಿರೋ ಬಿಲ್ಡಿಂಗು ಮರ ಎಲ್ಲ ಮುಚ್ಚಿಹೋಗುತ್ತೆ. ರಂಗೋಲಿ ಹಾಕಿ ಅದರ ಮೇಲೆ ಚಾಪೆ ಹಾಸಿದ್ರೆ ಇನ್ನೇನ್ ಕಾಣ್ಸುತ್ತೆ. ರನ್‌ವೇ ಮಾತ್ರ ಯಾಕೆ ಉಳೀತು ಅಂದ್ರೆ ಅದು ಎಪಿಟಿ ಡ್ಯಾಟ್ ಅನ್ನೋ ಬೇರೆ ಫೈಲಿಂದ ಬರುತ್ತೆ, ಟರ್ಮಿನಲ್ ಬರೋದು ಡಿಎಸ್‌ಎಫ್ ಅನ್ನೋ ಸೀನರಿ ಫೈಲಿಂದ.

ಆರ್ಡರ್ ಹೀಗಿರ್ಬೇಕು, ನಿನ್ನ ವಿಓಎಂಎಲ್ ಎಲ್ಲಕ್ಕಿಂತ ಮೇಲೆ, ಅದರ ಕೆಳಗೆ ಗ್ಲೋಬಲ್ ಏರ್‌ಪೋರ್ಟ್ಸ್, ಅದರ ಕೆಳಗೆ ಓವರ್‌ಲೇ (ಮರ ಮನೆ ರಸ್ತೆಯ ಪದರ), ಕಟ್ಟಕಡೆಗೆ ಆರ್ಥೋ. ಕೈಯಲ್ಲೇ ಸಾಲು ಕಟ್ ಮಾಡಿ ಪೇಸ್ಟ್ ಮಾಡು. ಕೆಲವರು ಐಎನ್ಐ ಫೈಲ್ ಡಿಲೀಟ್ ಮಾಡು ತಾನಾಗೇ ಸರಿಹೋಗುತ್ತೆ ಅಂತಾರೆ, ಅರ್ಧ ನಿಜ. ಡಿಲೀಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರಮಾಲೆ ಪ್ರಕಾರ ಹೊಸದು ಬರ್ಕೊಳ್ಳುತ್ತೆ, ಆರ್ಥೋ ಹೆಸರು ಝಡ್‌ನಿಂದ ಶುರುವಾಗೋದೇ ಅದಕ್ಕೆ, ತಳಕ್ಕೆ ಹೋಗ್ಲಿ ಅಂತ. ಆದ್ರೆ ನಿನ್ನ ಏರ್‌ಪೋರ್ಟ್ ಹೆಸರು ಎಂ ಇಂದನೋ ವಿ ಇಂದನೋ ಶುರುವಾದ್ರೆ ಗ್ಲೋಬಲ್ ಏರ್‌ಪೋರ್ಟ್ಸ್‌ನ ಜಿ ಮೊದ್ಲು ಬಂದ್ಬಿಡುತ್ತೆ, ಆಗ ನಿನ್ನ ಟರ್ಮಿನಲ್ ಬದ್ಲು ಡಿಫಾಲ್ಟ್ ಟರ್ಮಿನಲ್.

ಮರ ಮನೆ ಇಲ್ಲದೆ ಇರೋದು ಬೇರೆ ಕಾರಣಕ್ಕೆ. ನಿನ್ನ ಲಿಸ್ಟಲ್ಲಿ ಓವರ್‌ಲೇ ಫೋಲ್ಡರೇ ಇಲ್ವಲ್ಲ. ಆರ್ಥೋ4ಎಕ್ಸ್‌ಪಿಯಲ್ಲಿ ಓವರ್‌ಲೇ ಎಕ್ಸ್‌ಟ್ರಾಕ್ಟ್ ಮಾಡೋದು ಒಂದು ಬೇರೆ ಸ್ಟೆಪ್, ಡಿಫಾಲ್ಟ್ ಗ್ಲೋಬಲ್ ಸೀನರಿಯಿಂದ ರಸ್ತೆ ಕಾಡು ಮನೆ ಎತ್ಕೊಂಡು ಬರುತ್ತೆ, ಕಾನ್ಫಿಗ್‌ನಲ್ಲಿ ಓವರ್‌ಲೇ ಸೋರ್ಸ್ ಅಂತ ಇರೋ ಕಡೆ ಆ ಫೋಲ್ಡರ್ ದಾರಿ ತೋರಿಸ್ಬೇಕು. ಇದನ್ನ ಮರೀದೆ ಇರೋರನ್ನ ನಾನಂತೂ ನೋಡಿಲ್ಲ, ನಾನೂ ಮರ್ತಿದ್ದೆ.

ರನ್‌ವೇ_32

ಫೋಟೋ ಕಟ್ ಆಗ್ತಿರೋದಕ್ಕೆ ಉತ್ತರ ಕೊಡ್ತೀನಿ, ಅದು ತಪ್ಪೇ ಅಲ್ಲ. ಟೈಲ್ ಅಂದ್ರೆ ಒಂದು ಡಿಗ್ರಿ ಅಕ್ಷಾಂಶ ಒಂದು ಡಿಗ್ರಿ ರೇಖಾಂಶದ ಚೌಕ, ಹೆಸರಲ್ಲಿರೋದು ಅದರ ನೈಋತ್ಯ ಮೂಲೆ. ಬಜ್ಪೆ ಇರೋದು 12.96 ಉತ್ತರ 74.89 ಪೂರ್ವದಲ್ಲಿ. ಅಂದ್ರೆ 13ರ ಗೆರೆ ಏರ್‌ಪೋರ್ಟಿಂದ ಬರೀ ನಾಲ್ಕು ಕಿಲೋಮೀಟರ್ ಚಿಲ್ಲರೆ ಉತ್ತರಕ್ಕೆ, 75ರ ಗೆರೆ ಸುಮಾರು 12 ಕಿಲೋಮೀಟರ್ ಪೂರ್ವಕ್ಕೆ. ನಿಮ್ಮ ಏರ್‌ಪೋರ್ಟ್ ಚೌಕದ ಮೂಲೆಗೆ ಅಂಟ್ಕೊಂಡು ಕೂತಿದೆ. ಕಟೀಲು ಮುಲ್ಕಿ +13+074ರಲ್ಲಿ, ಬಂಟ್ವಾಳ ಬಿ.ಸಿ. ರೋಡ್ +12+075ರಲ್ಲಿ, ಕುದುರೆಮುಖ +13+075ರಲ್ಲಿ. ನಾಲ್ಕೂ ಮಾಡ್ಕೊಂಡ್ರೇನೇ ಬಜ್ಪೆ ಸುತ್ತ ಒಂದು ಸರ್ಕ್ಯೂಟ್ ನೆಟ್ಟಗೆ ಕಾಣೋದು. ನೀವು ರಾತ್ರಿ ಇಡೀ ಕೂತು ಮಾಡಿದ +12+074 ಇದ್ಯಲ್ಲ, ಅದರಲ್ಲಿ ಹೆಚ್ಚು ಭಾಗ ಅರಬ್ಬೀ ಸಮುದ್ರ, ಮಂಗಳೂರಿಂದ ಕಾಸರಗೋಡಿನ ತನಕ ಒಂದು ಪಟ್ಟಿ ನೆಲ ಅಷ್ಟೆ 😄

ಮಿಕ್ಕ ಮೂರರಲ್ಲಿ ಪೂರ್ವದ ಎರಡೂ ಹೆಚ್ಚುಕಮ್ಮಿ ಪೂರ್ತಿ ನೆಲ, ಡಿಸ್ಕ್ ಜಾಗ ನೋಡ್ಕೊಳ್ಳಿ. ಝೂಮ್ ಒಂದು ಮೆಟ್ಟಿಲು ಏರಿಸಿದ್ರೆ ಚಿತ್ರ ನಾಲ್ಕು ಪಟ್ಟು. ಘಟ್ಟದ ಮೇಲೆ 16 ಸಾಕು, ಏರ್‌ಪೋರ್ಟ್ ಸುತ್ತ ಮಾತ್ರ 17 ಇಡಿ.

ಆ ಪಾಪ್‌ಅಪ್ ಮೆಸೇಜ್ ಹೆಚ್ಚಾಗಿ ಲೈಬ್ರರಿ (ಏರ್‌ಪೋರ್ಟ್ ಬಳಸೋ ಆಬ್ಜೆಕ್ಟ್‌ಗಳ ಕಟ್ಟು) ಇಲ್ಲ ಅಂತ. ಓಪನ್‌ಸೀನರಿಎಕ್ಸ್, ಮಿಸ್ಟರ್‌ಎಕ್ಸ್ ಲೈಬ್ರರಿ ಇಂಥವು. ಏರ್‌ಪೋರ್ಟ್ ಜೊತೆ ಬಂದ ರೀಡ್‌ಮೀ ಯಾರೂ ಓದಲ್ಲ, ಓದಿ. ಲಾಗ್ ಫೈಲ್ ಸಿಮ್ ಫೋಲ್ಡರ್‌ನಲ್ಲೇ ಇರುತ್ತೆ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಹೊಸದಾಗಿ ಬರ್ಕೊಳ್ಳುತ್ತೆ, ಅದರಲ್ಲಿ ಯಾವ ಆಬ್ಜೆಕ್ಟ್ ಸಿಗಲಿಲ್ಲ ಅಂತ ದಾರಿ ಸಮೇತ ಇರುತ್ತೆ, ಆ ದಾರಿಯ ಮೊದಲ ಪದ ನೋಡಿದ್ರೆ ಯಾವ ಲೈಬ್ರರಿ ಅಂತ ಗೊತ್ತಾಗುತ್ತೆ.

ಹುಬ್ಳಿ_ಹಾರಾಟ

ಎಲ್ಲಾರೂ ಎಲ್ಲಾ ಹೇಳಿದ್ರಿ, ರನ್‌ವೇ ಗುಂಡಿ ಬಗ್ಗೆ ಯಾರೂ ಹೇಳವಲ್ರಿ. ನನಗ ಅದರಾಗ ಭಾಳ ಮಜಾ ಐತಿ, ಹಿಂಗಾಗಿ ಸ್ವಲ್ಪ ಉದ್ದ ಬರೀತೀನಿ.

ನಮ್ಮ ಸಿಮ್‌ಗಳೊಳಗ ನೆಲದ ಎತ್ತರ ಎಲ್ಲಿಂದ ಬರ್ತೈತಿ ಅಂದ್ರ, ಬಹುತೇಕ ಎಸ್‌ಆರ್‌ಟಿಎಂ ಡೇಟಾದಿಂದ. 2000ನೇ ಇಸ್ವಿ ಫೆಬ್ರುವರಿಯೊಳಗ ಎಂಡೆವರ್ ಶಟಲ್ 11 ದಿನ ಭೂಮಿ ಸುತ್ತಿ ರಡಾರ್ ಹಚ್ಚಿ ಎತ್ತರ ಅಳತಿ ತಗೊಂಡು ಬಂತು, ಅದ. ಈಗ ಬಜ್ಪೆ ಕತಿ ನೋಡ್ರಿ. 1951ರಿಂದ ಇದ್ದಿದ್ದು ಹಳೇ ರನ್‌ವೇ, 09-27, 1,600 ಮೀಟರ್ ಚಿಲ್ಲರ ಉದ್ದ. ಈಗ ವಿಮಾನ ಇಳಿಯೂ 06-24, 2,450 ಮೀಟರಿಂದು, ಅದು ಚಾಲೂ ಆಗಿದ್ದು 2006ರಾಗ. ಗುಡ್ಡ ಕಡಿದು ಮಟ್ಟ ಮಾಡಿ ಮಾಡಿದ್ದು, ಅದಕ್ಕ ಟೇಬಲ್‌ಟಾಪ್ ಅಂತಾರ. ಅಂದ್ರ ಶಟಲ್ ಮ್ಯಾಲಿಂದ ನೋಡಿದಾಗ ಆ ರನ್‌ವೇ ಇನ್ನೂ ಹುಟ್ಟೇ ಇದ್ದಿಲ್ಲ! ನಿಮಗ ಕಾಣಾಕತ್ತಿರೋ ಗುಂಡಿ ದಿಬ್ಬ ಐತಲ್ಲ, ನನ್ನ ಲೆಕ್ಕದಾಗ ಅದು ಬಗ್ ಅಲ್ರಿ, 2000ದಾಗ ಅಲ್ಲಿದ್ದ ಗುಡ್ಡದ್ದ ಉಬ್ಬುತಗ್ಗು. ಅದರ ಮ್ಯಾಲೆ ನಿಮ್ಮ ಸಿಮ್ ಈಗಿನ ಡಾಂಬರ್ ಹಾಸೇತಿ.

ಇನ್ನೊಂದು, ಆ ರಡಾರ್ ನೆಲಾ ಮುಟ್ಟಂಗಿಲ್ಲ, ದಟ್ಟ ಗಿಡ ಇದ್ರ ಗಿಡದ ತಲಿಗೇ ಬಡದು ವಾಪಸ್ ಬರ್ತೈತಿ. ನಿಮ್ಮ ಕಡೆ ಎಲ್ಲಾ ಹಸರು, ಹಿಂಗಾಗಿ ಅಂಚಿನಾಗ ನೆಲ ಇನ್ನೊಂಚೂರು ಎತ್ತರ ಕಾಣತೈತಿ. ಕಣ್ಣೂರ ಏರ್‌ಪೋರ್ಟಿಂದೂ ಇದ ಗೋಳು, ಅದು 2018ರ ಡಿಸೆಂಬರ್‌ನಾಗ ಶುರು ಆಗಿದ್ದು. ಕರಿಪುರ (ಕೋಳಿಕೋಡ್ ಏರ್‌ಪೋರ್ಟ್) 1988ರದ್ದು, ಅದನ್ನ ಶಟಲ್ ನೋಡೇತಿ, ಅಲ್ಲಿ ನನಗ ಇಷ್ಟು ತ್ರಾಸ ಆಗಿಲ್ಲ. ಯಾವ ಏರ್‌ಪೋರ್ಟ್ ಕುಣೀತೈತಿ ಅಂದ್ರೂ ಮೊದಲ ಅದು ಯಾವಾಗ ಕಟ್ಟಿದ್ದು ಅಂತ ನೋಡ್ರಿ.

ಏನ್ ಮಾಡಬೇಕಪಾ ಅಂದ್ರ, ಸೆಟ್ಟಿಂಗ್ಸ್‌ನಾಗ ರನ್‌ವೇಸ್ ಫಾಲೋ ಟೆರೇನ್ ಕಾಂಟೂರ್ಸ್ ಅಂತ ಒಂದು ಟಿಕ್ ಐತಿ, ತಗದು ನೋಡ್ರಿ.

ಗಡಿಬಿಡಿ_ಗ್ಲೈಡರ್

ವಾಹ್ ಹುಬ್ಳಿಯವ್ರೇ, ಇದು ನಂಗೂ ಹೊಳ್ದಿರ್ಲಿಲ್ಲ. ಆದ್ರೆ ಆ ಟಿಕ್ ತೆಗೆದ್ರೆ ಪ್ರಪಂಚದ ಎಲ್ಲಾ ಏರ್‌ಪೋರ್ಟ್ ಹಲಗೆ ಥರ ಚಪ್ಪಟೆ ಆಗುತ್ತಲ್ಲ, ನಂಗೆ ಅದು ಇಷ್ಟ ಇಲ್ಲ. ಇಳಿಜಾರು ರನ್‌ವೇ ಇರೋ ಕಡೆ ಮಜಾನೇ ಹೋಗುತ್ತೆ. ಒಂದು ಬಜ್ಪೆಗೆ ಮಾತ್ರ ಮಾಡ್ಬೇಕು ಅಂದ್ರೆ ಅದರ ಎಪಿಟಿ ಡ್ಯಾಟ್ ಫೈಲಲ್ಲಿ ಏರ್‌ಪೋರ್ಟ್ ಹೆಸರಿನ ಸಾಲಿನ ಕೆಳಗೆ 1302 ಫ್ಲಾಟನ್ 1 ಅಂತ ಒಂದು ಸಾಲು (ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡು) ಸೇರಿಸಿದ್ರೆ ಸಾಕು, ಡಬ್ಲ್ಯೂಇಡಿಯಲ್ಲಿ (ಏರ್‌ಪೋರ್ಟ್ ಎಡಿಟ್ ಮಾಡೋ ಟೂಲ್) ಆಲ್ವೇಸ್ ಫ್ಲಾಟನ್ ಅನ್ನೋ ಟಿಕ್ಕೂ ಇದನ್ನೇ ಮಾಡೋದು. ಫೈಲಿನ ಕಾಪಿ ಇಟ್ಕೊಂಡು ಮಾಡು.

ಹುಬ್ಳಿ_ಹಾರಾಟ

ಅದೂ ಆಗ್ತೈತ್ರಿ, ಆದ್ರ ಚಪ್ಪಟಿ ಮಾಡಿದ್ರ ಬೌಂಡರಿ ಒಳಗ ಎಲ್ಲಾ ಒಂದ ಮಟ್ಟ ಆಗಿ ಅಂಚಿನಾಗ ಗ್ವಾಡಿ ಎದ್ದು ನಿಂದರತೈತಿ. ಅಸಲಿ ದಾರಿ ಅಂದ್ರ ಮೆಶ್‌ನ ಸರಿ ಮಾಡೂದು. ಆರ್ಥೋ4ಎಕ್ಸ್‌ಪಿ ಕಾನ್ಫಿಗ್‌ನಾಗ ಎಪಿಟಿ ಸ್ಮೂದಿಂಗ್ ಪಿಕ್ಸ್ ಅಂತ ಐತಿ, ಡಿಫಾಲ್ಟ್ 8, ಅದನ್ನ ಏರಿಸಿ ಮೆಶ್ ಮತ್ತ ಕಟ್ಟ್ರಿ, ಫೋಟೋ ಮತ್ತ ಡೌನ್‌ಲೋಡ್ ಮಾಡೂದು ಬ್ಯಾಡ. ಗುಂಡಿ ಪೂರ್ತಿ ಹೋಗಂಗಿಲ್ಲ, ಇಳಿಜಾರ ಆಗ್ತೈತಿ. ಅದೂ ಸಾಲಲ್ಲ ಅಂದ್ರ ಜೋಸ್ಮ್ ಅನ್ನೂ ಮ್ಯಾಪ್ ಎಡಿಟರ್‌ನಾಗ ಪ್ಯಾಚ್ ಬರದು ಪ್ಯಾಚಸ್ ಫೋಲ್ಡರ್‌ನಾಗ ಹಾಕಬೇಕು, ರನ್‌ವೇದ ಪ್ರತಿ ತುದಿಗೂ ಎತ್ತರ ಕೈಯಿಂದ ಕೊಡಬೇಕು, ಒಂದು ಐತವಾರ ಪೂರ್ತಿ ಹೋಗ್ತೈತಿ, ಮನ್ಯಾಗ ಬೈಸಿಕೊಳ್ಳಾಕ ರೆಡಿ ಇರ್ರಿ.

ಶರಾವತಿ_ಸ್ಕೈ

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ, ನಂದು ಫ್ಲೈಟ್‌ಗೇರ್ ಅನ್ನೋ ಬೇರೆ ಸಿಮ್, ನಂಗೆ ಗುಂಡಿ ಅಲ್ಲ ಸೀದಾ ಸಮುದ್ರ. ಬೆಂಗಳೂರಲ್ಲಿ ಸ್ಟಾರ್ಟ್ ಮಾಡಿದ್ರೂ ಸುತ್ತ ನೀರು!

ರನ್‌ವೇ_32

ಟೆರಾಸಿಂಕ್ ಆನ್ ಮಾಡಿದೀರಾ? ಫ್ಲೈಟ್‌ಗೇರ್ ಡೌನ್‌ಲೋಡ್ ಜೊತೆ ಇಡೀ ಭೂಮಿ ಬರಲ್ಲ, ಸೀನರಿ ಇಲ್ಲದ ಕಡೆ ಅದು ಸಮುದ್ರ ಅಂತಾನೇ ತೋರಿಸೋದು. ಲಾಂಚರ್‌ನ ಸೆಟ್ಟಿಂಗ್‌ನಲ್ಲಿ ಸೀನರಿ ತಾನಾಗೇ ಡೌನ್‌ಲೋಡ್ ಆಗೋ ಟಿಕ್ ಹಾಕಿ, ಸ್ವಲ್ಪ ಕಾಯಿರಿ. ಆಗ್ಲಿಲ್ಲ ಅಂದ್ರೆ ಬೇರೆ ಥ್ರೆಡ್ ಹಾಕಿ, ಇದು ಈಗಲೇ ಹನುಮಂತನ ಬಾಲ ಆಗಿದೆ.

ಶರಾವತಿ_ಸ್ಕೈ

ಅದೇ ಆಗಿತ್ತು, ನೆಲ ಬಂತು. ಥ್ಯಾಂಕ್ಸ್ 🙏

ಬಜ್ಪೆ_ಫೈನಲ್

ಮೂರು ದಿವಸ ಆಯ್ತು, ರಿಪೋರ್ಟ್ ಕೊಡ್ತೇನೆ. ನಾನು ಉದಾಸೀನದಲ್ಲಿ ಮೊದಲು ಐಎನ್ಐ ಡಿಲೀಟ್ ಮಾಡಿದೆ, ಗ್ಲೈಡರ್ ಅವರು ಹೇಳಿದ ಹಾಗೆಯೇ ಡಿಫಾಲ್ಟ್ ಟರ್ಮಿನಲ್ ಬಂದು ಕೂತಿತು, ಆಮೇಲೆ ವಿಓಎಂಎಲ್ ಸಾಲನ್ನು ಕೈಯಲ್ಲಿ ಮೇಲೆ ಹಾಕಿದ ಮೇಲೆ ಸರಿ ಆಯ್ತು. ಓವರ್‌ಲೇ ತೆಗೆದೆ, ಮರ ಮನೆ ಎಲ್ಲ ಬಂತು, ತೆಂಗು ಅಲ್ಲ ಬೇರೆ ಎಂತದೋ ಮರ, ಇರ್ಲಿ. ಲೈಬ್ರರಿ ಎರಡು ಇರ್ಲಿಲ್ಲ, ಹಾಕಿದೆ, ಆದ್ರೂ ಮೆಸೇಜ್ ಹೋಗ್ಲಿಲ್ಲ. ಅರ್ಧ ದಿವಸ ಹುಡುಕಿದ ಮೇಲೆ ಗೊತ್ತಾಯ್ತು, ಅನ್‌ಝಿಪ್ ಮಾಡುವಾಗ ಫೋಲ್ಡರ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಆಗಿತ್ತು, ಲೈಬ್ರರಿ ಟೆಕ್ಸ್ಟ್ ಫೈಲ್ ಒಂದು ಮನೆ ಒಳಗೆ ಹೋಗಿ ಕೂತಿತ್ತು. ಹೊರಗೆ ತಂದೆ, ಮೆಸೇಜ್ ಬಂದ್.

ರನ್‌ವೇಗೆ ಮೊದಲು ಫ್ಲಾಟನ್ ಸಾಲು ಹಾಕಿ ನೋಡಿದೆ, ಗುಂಡಿ ಹೋಯ್ತು, ಆದ್ರೆ ಹುಬ್ಳಿಯವರು ಹೇಳಿದ ಗೋಡೆ ಒಂದು ಬದಿಯಲ್ಲಿ ಭಯಂಕರ ಎದ್ದಿತ್ತು, ಟೇಬಲ್‌ಟಾಪ್ ಅಲ್ಲ ಅದು ಟೇಬಲ್ಲೇ. ಅದನ್ನು ತೆಗೆದು ಸ್ಮೂದಿಂಗ್ 16 ಮಾಡಿ ಮೆಶ್ ಕಟ್ಟಿದೆ. ಈಗ 24ರಲ್ಲಿ ಇಳಿಯುವಾಗ ಮಧ್ಯದಲ್ಲಿ ಒಂದು ಸಣ್ಣ ತಗ್ಗು ಉಂಟು, ಸೆಸ್ನಾಕ್ಕೆ ಗೊತ್ತಾಗ್ತದೆ, 737ಕ್ಕೆ ಗೊತ್ತಾಗುದಿಲ್ಲ. ನಮ್ಮ ಅಪ್ಪನಿಗೆ ತೋರಿಸಿ ಇದು 2000ದ ಗುಡ್ಡ ಅಂತ ಹೇಳಿದ್ದಕ್ಕೆ ಅವರು ಸ್ಕ್ರೀನ್ ನೋಡಿ ಅಲ್ಲಿ ಯಾರ ಗೇರು ತೋಟ ಇತ್ತು ಅಂತ ಕತೆ ಶುರು ಮಾಡಿದ್ರು, ಸಿಮ್ ನಿಲ್ಲಿಸಿ ಕೂತು ಕೇಳಿದೆ. ಪ್ಯಾಚ್ ಸದ್ಯಕ್ಕೆ ಬೇಡ.

+12+075, +13+074 ಎರಡೂ ಆಯ್ತು. +13+075 ರಾತ್ರಿಯಿಂದ ಓಡ್ತಾ ಉಂಟು, ಕುದುರೆಮುಖದ ಹತ್ತಿರ ಚಿತ್ರದಲ್ಲಿ ಬರೀ ಬಿಳಿ ಮೋಡ ಕಾಣ್ತಾ ಉಂಟಲ್ಲ, ಅದಕ್ಕೆ ಬೇರೆ ಇಮೇಜರಿ ಸೋರ್ಸ್ ಹಾಕ್ಬೇಕಾ?

ರನ್‌ವೇ_32

ಹೌದು, ಸೋರ್ಸ್ ಬದಲಾಯಿಸಿ ಪ್ರಿವ್ಯೂ ನೋಡಿ, ಯಾವುದರಲ್ಲಿ ಮೋಡ ಕಮ್ಮಿ ಇದೆಯೋ ಅದು. ಟೈಲ್ ಮುಗಿಯೋ ತನಕ ಕಾಯಬೇಡಿ, ಈಗಲೇ ನಿಲ್ಲಿಸಿ.