ರಾತ್ರಿ ಕಿರ್ ಕಿರ್ ಸಪ್ಪಳ: ಹುಳನೋ, ಮಷೀನೋ?

ಕೇಳಿದವರು (ಕಲಬುರಗಿ): ಹಳೇ ಮನಿ, ಶಹಾಬಾದ ಫರ್ಸಿ ನೆಲ. ಎಂಟು ದಿನದಿಂದ ರಾತ್ರಿ ಹತ್ತರ ಮ್ಯಾಲ ಜೀರುಂಡಿ ಕೂಗಿದಂಗ ಸಪ್ಪಳ ಬರ್ಲಕತ್ತದ. ಹುಡುಕ್ಲಾಕ ಎದ್ರ ಬಂದ್, ಮಲಗಿದ್ರ ಮತ್ತ ಚಾಲೂ. ಫ್ಯಾನ್, ಕೂಲರ್, ಇನ್ವರ್ಟರ್ ಮೂರೂ ಅವ. ಮನ್ಯಾಗ ಸಣ್ಣ ಕೂಸದ, ಔಷಧ ಹೊಡಿಬೇಕೋ ಬ್ಯಾಡೋ? ತಿಳಿದವರು ಹೇಳ್ರಿ.

ಉತ್ತರ, ವೈರಿಂಗ್ ಕೆಲಸದವರು: ಔಷಧ ಈಗೇ ಬ್ಯಾಡ್ರಿ. ಮೊದಲ ಗಡಿಯಾರ ಹಿಡೀರಿ. ಎರಡು ಸಪ್ಪಳದ ನಡುವಿನ ಹೊತ್ತು ಪ್ರತಿ ಸಲ ಅಷ್ಟಕ್ಕಷ್ಟೇ ಇತ್ತಂದ್ರ, 30 ಇಲ್ಲಾ 60 ಸೆಕೆಂಡಿಗೊಮ್ಮೆ ಒಂದೇ ‘ಚಿಕ್’ ಅಂದ್ರ, ಅದು ಬಝರ್. ಹೊಗೆ ಅಲಾರಂ ಇದ್ರ ಅದರ ಬ್ಯಾಟರಿ ಇಳಿದಿರ್ತದ, ಇಲ್ಲಂದ್ರ ಇನ್ವರ್ಟರ್ ಏನೋ ಎಚ್ಚರಿಕೆ ಕೊಡ್ಲಕತ್ತದ. ಆಮ್ಯಾಲ ಮೇನ್ ಇಳಿಸಿ ಕೇಳ್ರಿ. ಇಲ್ಲೇ ಭಾಳ ಮಂದಿ ತಪ್ಪೋದು: ಮೇನ್ ಇಳಿಸಿದ್ರೂ ಇನ್ವರ್ಟರ್ ಲೈನಿನ ಫ್ಯಾನು, ಲೈಟು ಚಾಲೂನೇ ಇರ್ತಾವ. ಇನ್ವರ್ಟರಿನ ಮುಂದಿನ ಸ್ವಿಚ್ಚೂ ಬಂದ್ ಮಾಡ್ರಿ. ಎಲ್ಲಾ ಬಂದಾಗಿ ಐದು ನಿಮಿಷ ಆದ್ಮ್ಯಾಲೂ ಕೂಗಿದ್ರ ಹುಳಾನೇ ಇರಬೇಕು. ಹೊಗೆ ಅಲಾರಂ ಮಾತ್ರ ತನ್ನ ಬ್ಯಾಟರಿ ಮ್ಯಾಲ ನಡೀತದ, ಮೇನ್ ಇಳಿಸಿದ್ರೂ ನಿಲ್ಲಂಗಿಲ್ಲ.

ಉತ್ತರ, ಫ್ಯಾನ್–ಕೂಲರ್ ರಿಪೇರಿಯವರು: ರೆಗ್ಯುಲೇಟರ್ ಒಂದಕ್ಕ ಇಟ್ಟು ಕೇಳ್ರಿ. ಫ್ಯಾನ್ ನಿಧಾನ ಆದಂಗ ಸಪ್ಪಳಾನೂ ನಿಧಾನ ಆದ್ರ ತಪ್ಪು ಫ್ಯಾನಿಂದೇ. ಮ್ಯಾಲ ಕೊಕ್ಕಿಗೆ ಹಾಕೋ ರಬ್ಬರ್ ಸವೆದಿದ್ರೂ ಕಿರ್ ಅಂತದ, ಅದನ್ನ ಮೊದಲ ನೋಡ್ರಿ, ಅಗ್ಗದ ಕೆಲಸ. ಬೇರಿಂಗ್ ಒಣಗಿದ್ರ ಬದಲಿಸೋದೇ ಸರಿ. ಭಾಳಷ್ಟು ಸೀಲಿಂಗ್ ಫ್ಯಾನಿಗೆ 6201 ಇಲ್ಲಾ 6202 ಬರ್ತದ, ನಂಬರ್ ಬೇರಿಂಗ್ ಮ್ಯಾಲೇ ಇರ್ತದ, ಹಳೇದು ತೋರಿಸಿ ತರ್ರಿ. ಕೊಬ್ಬರಿ ಎಣ್ಣಿ ಬಿಡಬ್ಯಾಡ್ರಿ. ನಾಕು ದಿನ ಸುಮ್ಮನಿದ್ದು, ಆಮ್ಯಾಲ ಧೂಳು ಹಿಡಿದು ಮೊದಲಿಗಿಂತ ಜಾಸ್ತಿ ಕಿರುಗುಡತದ.

ಕೂಲರಿನಾಗ ಪಂಪ್ ಸ್ವಿಚ್ಚು, ಫ್ಯಾನ್ ಸ್ವಿಚ್ಚು ಬ್ಯಾರೆ ಬ್ಯಾರೆ ಬಂದ್ ಮಾಡಿ ನೋಡ್ರಿ. ಪಂಪಿಂದಾದ್ರ ನೀರು ಕಮ್ಮಿ ಆಗಿ ಒಣ ಓಡ್ಲಕತ್ತಿರ್ತದ, ಇಲ್ಲಾ ಬೋರಿನ ಗಡಸು ನೀರಿನ ಬಿಳಿ ಪದರ ಒಳಗಿನ ಪಂಖಕ್ಕ ಕುಂತಿರ್ತದ. ಪಂಪ್ ಬಿಚ್ಚಿ, ಪಂಖಾ ಒಂದು ಲೀಟರ್ ನೀರಿಗೆ ನಾಕು ನಿಂಬಿಹಣ್ಣಿನ ರಸ ಹಾಕಿ ಒಂದು ತಾಸು ನೆನಸಿ, ಹಳೇ ಬ್ರಷ್ಲೆ ತಿಕ್ಕ್ರಿ. ನೀರಾಗ ಕೈ ಹಾಕೋ ಮೊದಲ ಪ್ಲಗ್ ಕಿತ್ತೇ ಇಡ್ರಿ. ಸ್ವಿಚ್ ಬಂದ್ ಮಾಡಿದ್ರ ಸಾಕಾಗಂಗಿಲ್ಲ. ತಗಡಿನ ಕೂಲರ್ ಜೀವ ತೆಗೀತದ.

ಉತ್ತರ, ಕೀಟಶಾಸ್ತ್ರ ಓದಿದವರು: ‘ಎದ್ರ ಬಂದ್’ ಅಂದದ್ದು ನೋಡಿದ್ರ ನನಗ ಹುಳಾನೇ ಅನಸ್ತದ. ಹೆಜ್ಜಿ ಅದುರು ತಿಳಿದ ಕೂಡ್ಲೇ ಜೀರುಂಡಿ ಸುಮ್ಮನಾಗ್ತದ. ಬಾಯಿಂದ ಕೂಗಂಗಿಲ್ಲ. ಗಂಡು ಹುಳ ಮುಂದಿನ ಎರಡು ರೆಕ್ಕಿ ಉಜ್ಜತದ, ಒಂದರ ಮ್ಯಾಲ ಗರಗಸದಂಥ ಹಲ್ಲು, ಇನ್ನೊಂದರ ಅಂಚು ಅದನ್ನ ಕೆರೀತದ. ಜಳ ಹೆಚ್ಚಾದಂಗ ಲಯ ಜೋರಾಗ್ತದ. 1897ರಾಗ ಡಾಲ್ಬೇರ್ ಅನ್ನೋ ಅಮೆರಿಕದ ವಿಜ್ಞಾನಿ ಇದಕ್ಕ ಸೂತ್ರಾನೇ ಬರೆದ. ನಿಮಗ ಅದರ ಉಪಯೋಗ ಇಷ್ಟೇ: ತಂಪು ರಾತ್ರಿ ನಿಧಾನ, ಬಿಸಿ ರಾತ್ರಿ ಜಲ್ದಿ ಕೂಗಿದ್ರ ಅದು ಯಂತ್ರ ಅಲ್ಲ.

ಎಲ್ಲಿಂದ ಬರ್ತದ ಅಂತ ತಿಳಿಯದಿರೋದು ನಿಮ್ಮ ಕಿವಿ ತಪ್ಪಲ್ಲ. ಈ ದನಿ ಸುಮಾರು 4ರಿಂದ 5 ಕಿಲೋಹರ್ಟ್ಜ್, ಅಂದ್ರ ಸೆಕೆಂಡಿಗೆ ನಾಕೈದು ಸಾವಿರ ಕಂಪನ, ಆ ಮಟ್ಟದಾಗ ದಿಕ್ಕು ಹಿಡಿಯೋದು ಮನುಷ್ಯರಿಗೆ ಕಷ್ಟ. ಇಬ್ಬರು ಖೋಲಿಯ ಎರಡು ಮೂಲಿಗೆ ಅಲುಗದಂಗ ನಿಂತು, ಕೂಗಿದಾಗ ಬೆರಳು ತೋರಸ್ರಿ. ಎರಡೂ ಗೆರಿ ಕೂಡೋ ಕಡಿ ಹುಡುಕ್ರಿ. ಬ್ಯಾಟರಿ ಲೈಟಿಗೆ ಕೆಂಪು ಹಾಳಿ ಸುತ್ತಿ, ಬರಿಗಾಲಲೆ ಹೋಗ್ರಿ. ಗ್ಲಾಸ್ ಮುಚ್ಚಿ, ಕೆಳಗ ರಟ್ಟು ಸರಿಸಿ ಹೊರಗ ಬಿಟ್ರ ಆಯ್ತು, ಕಚ್ಚೋ ಭಯ ಇಲ್ಲ.

ಸಿಗದಿದ್ರ ಅಗಲ ಬಾಯಿ ಗಾಜಿನ ಬಾಟ್ಲ್ಯಾಗ ಒಂದು ಇಂಚು ಬೆಲ್ಲದ ನೀರು ಹಾಕಿ ಗ್ವಾಡಿಗೆ ಹತ್ತಿ ಇಡ್ರಿ, ಬಾಯಿ ತನಕ ಹತ್ತಲಾಕ ಒಂದು ರಟ್ಟು ಓರೆ ಇಡ್ರಿ. ಕೂಸಿನ ಕೈಗೆ ಸಿಗಬಾರದು. ಫರ್ಸಿ ಸಂದಿಗೆ ಒಂದು ಪಾಲು ಸಿಮೆಂಟ್, ಮೂರು ಪಾಲು ಸಣ್ಣ ಉಸುಕು ತುಂಬ್ರಿ, ಬಚ್ಚಲ ಮೋರಿಗೆ ಸಣ್ಣ ಜಾಳಿಗಿ ಹಾಕ್ರಿ. ಗ್ವಾಡಿಗೆ ಹತ್ತಿ ತೊಗರಿ ಕಟ್ಟಿಗಿ ಒಟ್ಟಿದ್ರ ಅದನ್ನ ದೂರ ಒಯ್ರಿ, ಹುಳಕ್ಕ ಅದೇ ಮನಿ. ನಮ್ಮ ಎರಿ ಭೂಮಿ ಬ್ಯಾಸಗ್ಯಾಗ ಬಿರಿದಾಗ ಅಲ್ಲೇ ಅಡಗಿರ್ತಾವ. ಮಳಿ ಬಿದ್ದು ಬಿರುಕು ಮುಚ್ಚಿದ್ರ, ಬೆಳಕು ನೋಡಿ ಮನಿ ಕಡಿ ಬರ್ತಾವ. ಬಾಗಿಲ ಮುಂದಿನ ಬಿಳಿ ಲೈಟ್ ತೆಗೆದು ಹಳದಿ ಹಚ್ಚ್ರಿ.

ಉತ್ತರ, ಬೀದರಿಂದ: ಹಲ್ಲೀನೂ ಮರೀಬ್ಯಾಡ್ರಿ. ಅದು ‘ಚಕ್ ಚಕ್’ ಅಂತ ಒಂದಿಷ್ಟು ಸಲ ಅಂದು ಭಾಳ ಹೊತ್ತು ಸುಮ್ಮನಿರ್ತದ, ಜೀರುಂಡಿ ಹಂಗ ಎಳ್ಯಂಗಿಲ್ಲ.

ಕೇಳಿದವರು: ಮೇನ್, ಇನ್ವರ್ಟರ್ ಎರಡೂ ಬಂದ್ ಮಾಡಿ ಕೇಳಿದ್ವಿ, ಸಪ್ಪಳ ಅದೇ ಅದ. ಹೊಗೆ ಅಲಾರಂ ಮನ್ಯಾಗ ಇಲ್ಲ. ಬೆರಳು ಎರಡೂ ಬಚ್ಚಲ ಕಡಿ ಹೋದ್ವು.

ಉತ್ತರ, ಕೀಟಶಾಸ್ತ್ರ ಓದಿದವರು: ಹಂಗಾದ್ರ ಜಾಳಿಗಿ ಇವತ್ತೇ ಹಾಕಬ್ಯಾಡ್ರಿ, ಹುಳ ಒಳಗೇ ಉಳೀತದ. ಮೊದಲ ಹಿಡೀರಿ, ಆಮ್ಯಾಲ ಮುಚ್ಚ್ರಿ.