ದಂಡಿನ ಹಳೆಯ ಸ್ಮಶಾನ ಸ್ಮಾರಕ ಉದ್ಯಾನ ಆಗಲಿದೆ: ಅಂದಾಜು ಪಟ್ಟಿಯಲ್ಲಿ ಏನಿರಬೇಕು, ಏನಿರಬಾರದು?

ವಾರ್ಡ್‌ಸಮಿತಿ

ಊರ ನಡುವೆ ಸುಮಾರು ಎರಡು ಎಕರೆಯ ದಂಡಿನ ಸ್ಮಶಾನ. 19ನೇ ಶತಮಾನದ್ದು, ಹೂಳುವುದು ನಿಂತು ದಶಕಗಳೇ ಆಗಿವೆ. ಇಟ್ಟಿಗೆ-ಗಾರೆಯ ಎತ್ತರದ ಸಮಾಧಿಗಳು, ಗ್ರಾನೈಟ್ ಚಪ್ಪಡಿಗಳು, ಕೆಲವು ಅಮೃತಶಿಲೆ ಫಲಕಗಳು ಇವೆ. ಮಿಕ್ಕಿದ್ದೆಲ್ಲ ಲಂಟಾನ, ಅರಳಿ ಸಸಿ. ಸ್ಮಾರಕ ಉದ್ಯಾನ ಮಾಡಲು ತಯಾರಾದ ಅಂದಾಜು ಪಟ್ಟಿ ಹೀಗಿದೆ: ಜೆಸಿಬಿಯಿಂದ ಸ್ವಚ್ಛತೆ, ಬಿದ್ದ ಕಲ್ಲುಗಳನ್ನು ಕಾಂಪೌಂಡ್ ಗೋಡೆಗೆ ಕೂರಿಸುವುದು, ಸಮಾಧಿಗಳಿಗೆ ಸಿಮೆಂಟ್ ಪ್ಲಾಸ್ಟರ್ ಮತ್ತು ಬಿಳಿ ಬಣ್ಣ, ಇಂಟರ್‌ಲಾಕ್ ಟೈಲ್ಸ್ ದಾರಿ, ಒಂದು ಹೈಮಾಸ್ಟ್ (ಎತ್ತರದ ಕಂಬದ) ದೀಪ. ಸಮಿತಿಯ ಮುಂದೆ ಬರುವ ಮೊದಲು ಯಾವುದನ್ನು ತೆಗೆಸಬೇಕು, ಯಾವುದನ್ನು ಸೇರಿಸಬೇಕು? ಗೊತ್ತಿದ್ದವರು ವಿವರವಾಗಿ ಹೇಳಿ.

ಕಡತವಿಲೇವಾರಿ

ಕಲ್ಲಿಗಿಂತ ಮೊದಲು ಕಾಗದ ನೋಡಿ. ಪಹಣಿಯಲ್ಲಿ ‘ಖರಾಬು ಬ, ಸ್ಮಶಾನ’ (ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಮೀನು) ಎಂದಿದೆಯೋ, ಚರ್ಚ್ ಟ್ರಸ್ಟಿನ ಹೆಸರಿದೆಯೋ, ರಕ್ಷಣಾ ಇಲಾಖೆಯದೋ? ಹಳೆಯ ದಂಡಿನ ಜಾಗಗಳಲ್ಲಿ ಈ ಮೂರೂ ಕಲಸಿಕೊಂಡಿರುವುದು ಮಾಮೂಲು. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ನಗರಸಭೆ ಹಣ ಹಾಕಿದರೆ ಮೊದಲ ಆಡಿಟ್‌ನಲ್ಲೇ ಆಕ್ಷೇಪಣೆ ಬರುತ್ತದೆ. ಭೂದಾಖಲೆ ಇಲಾಖೆಯಿಂದ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ. ಇಂಥ ಜಾಗಗಳ ಅಂಚಿನಲ್ಲಿ ಒತ್ತುವರಿ ಇಲ್ಲದಿದ್ದರೆ ಅದೇ ಆಶ್ಚರ್ಯ.

ಕೇಂದ್ರ ಸಂರಕ್ಷಿತ ಸ್ಮಾರಕ ಹತ್ತಿರದಲ್ಲಿದ್ದರೆ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಪಡೆದೇ ಕೆಲಸ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಸಮಾಧಿ ಸ್ಥಳವನ್ನು ಅವಮಾನಿಸುವ ಅತಿಕ್ರಮ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಡಿ ಅಪರಾಧ. ಜೆಸಿಬಿ ಚಾಲಕನಿಗೆ ಇದು ಗೊತ್ತಿರುವುದಿಲ್ಲ, ಟೆಂಡರ್ ಷರತ್ತಿನಲ್ಲೇ ಬರೆಯಿಸಿ. ದಾಖಲೆಯಲ್ಲಿ ‘ಸ್ಮಶಾನ’ ಎಂಬುದನ್ನು ಅಳಿಸಿ ಬರೀ ‘ಉದ್ಯಾನ’ ಮಾಡಿಸಬೇಡಿ. ಇವತ್ತು ಉದ್ಯಾನ ಅಂದರೆ ನಾಳೆ ಅಲ್ಲೊಂದು ನೀರಿನ ಟ್ಯಾಂಕ್, ನಾಳಿದ್ದು ಜಿಮ್.

ಸುಣ್ಣದಗಾರೆ

ಜೆಸಿಬಿ ಮತ್ತು ಸಿಮೆಂಟ್, ಇವೆರಡನ್ನು ತೆಗೆಸಿದರೆ ಅರ್ಧ ಸ್ಮಶಾನ ಉಳಿದಂತೆ.

ಜೆಸಿಬಿ ಏಕೆ ಬೇಡ? ಆ ಕಾಲದ ಸಮಾಧಿಗಳ ಕೆಳಗೆ ಎಷ್ಟೋ ಕಡೆ ಇಟ್ಟಿಗೆ ಕಮಾನಿನ ಟೊಳ್ಳು ಕೋಣೆ ಇರುತ್ತದೆ. ಮೇಲೆ ಏನೂ ಕಾಣುವುದಿಲ್ಲ. ಏಳೆಂಟು ಟನ್ನಿನ ಯಂತ್ರ ಹತ್ತಿದರೆ ಕಮಾನು ಕುಸಿಯುತ್ತದೆ, ಯಂತ್ರವೂ ಒಳಗೆ ವಾಲುತ್ತದೆ. ಕುಡುಗೋಲು, ಕೈಗರಗಸ, ತಳ್ಳುಗಾಡಿ, ಅಷ್ಟೇ ಸಾಕು. ಲಂಟಾನವನ್ನು ಸಮಾಧಿಯ ಮೇಲಿಂದ ಬೇರು ಸಮೇತ ಎಳೆಯಬಾರದು, ನೆಲಮಟ್ಟಕ್ಕೆ ಕತ್ತರಿಸಬೇಕು. ಎಳೆದರೆ ಬೇರಿನ ಜೊತೆ ನಾಲ್ಕು ಇಟ್ಟಿಗೆಯೂ ಬರುತ್ತದೆ.

ಸಿಮೆಂಟ್ ವಿಚಾರ. ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ನೆಲದ ತೇವ ಹೀರಿ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರದಾರಿ ಇರುವುದಿಲ್ಲ. ಲವಣ ಇಟ್ಟಿಗೆಯೊಳಗೇ ಹರಳುಗಟ್ಟಿ ಅದನ್ನು ಪುಡಿ ಮಾಡುತ್ತದೆ. ಕೆಲವು ಮಳೆಗಾಲ ಕಳೆದ ಮೇಲೆ ಸಿಮೆಂಟ್ ಪದರ ಹಾಳೆಯಾಗಿ ಬೀಳುತ್ತದೆ, ಹಿಂದೆ ಬರೀ ಕೆಂಪು ಪುಡಿ.

ಬದಲಿಗೆ: ಅರಳಿಸಿ ಸೋಸಿದ ಸುಣ್ಣ ಒಂದು ಪಾಲು, ಸುರ್ಕಿ (ಇಟ್ಟಿಗೆ ಪುಡಿ) ಒಂದು ಪಾಲು, ತೊಳೆದ ಮರಳು ಎರಡು ಪಾಲು. ಸುಣ್ಣವನ್ನು ನೀರಿನಡಿ ಕನಿಷ್ಠ ಮೂರು ವಾರ ಇಡಬೇಕು. ಅರಳದ ಕಾಳು ಉಳಿದರೆ ಗೋಡೆಯ ಮೇಲೆ ಆಮೇಲೆ ಅರಳಿ ಸಿಡಿಯುತ್ತದೆ. ಸುರ್ಕಿಗೆ ಹದವಾಗಿ ಸುಟ್ಟ ಮೆತ್ತನೆ ಇಟ್ಟಿಗೆ ಬೇಕು, ಅತಿಯಾಗಿ ಸುಟ್ಟು ಕಪ್ಪಾದದ್ದು ಕೆಲಸಕ್ಕೆ ಬಾರದು. ಒಂದು ಪದರ 10 ಮಿಲಿಮೀಟರ್ ದಾಟಬಾರದು. ಗೋಣಿತಾಟು ಹೊದಿಸಿ ಹತ್ತು ದಿನ ತೇವ ಕಾಯಿರಿ. ಗುತ್ತಿಗೆದಾರರು ಎಡವುವುದು ಇಲ್ಲೇ: ಏಪ್ರಿಲ್ ಬಿಸಿಲಲ್ಲಿ ಗಾರೆ ಹಾಕಿ, ಮೂರನೇ ದಿನಕ್ಕೆ ನೀರು ನಿಲ್ಲಿಸಿ, ಬಿರುಕು ಬಿಟ್ಟಾಗ ‘ಸುಣ್ಣವೇ ಸರಿ ಇಲ್ಲ’ ಎನ್ನುತ್ತಾರೆ. ಮಳೆ ಹಿಂದೆ ಸರಿದ ಮೇಲೆ, ನವೆಂಬರಿನಿಂದ ಫೆಬ್ರುವರಿವರೆಗೆ ಈ ಕೆಲಸ ಇಟ್ಟುಕೊಳ್ಳಿ. ಬಣ್ಣವೂ ಸುಣ್ಣದ್ದೇ. ಎಮಲ್ಷನ್ ಬೇಡ. ಕಲ್ಲಿಗೆ ಯಾವ ಬಣ್ಣವೂ ಬೇಡ.

ಶಾಸನ ಕಲ್ಲು ತೊಳೆಯಲು ಶುದ್ಧ ನೀರು, ನೈಲಾನ್ ಬ್ರಷ್. ಆಸಿಡ್ ತಾಗಿದರೆ ಅಮೃತಶಿಲೆ ಕಣ್ಣೆದುರೇ ನೊರೆ ಬಿಟ್ಟು ಕರಗುತ್ತದೆ. ತಂತಿ ಬ್ರಷ್, ಮರಳು ಊದುವ ಯಂತ್ರ ಎರಡೂ ಅಕ್ಷರದ ಅಂಚು ತಿನ್ನುತ್ತವೆ. ಸೀಸದ ಅಕ್ಷರ ಕೂರಿಸಿದ ಫಲಕಗಳಿದ್ದರೆ ಉಜ್ಜುವ ಮೊದಲು ಬೆರಳಿನಿಂದ ಒಂದೊಂದನ್ನೂ ಮುಟ್ಟಿ ನೋಡಿ. ಸಡಿಲ ಇದ್ದದ್ದು ಉದುರಿದರೆ ತೂತುಗಳಷ್ಟೇ ಉಳಿಯುತ್ತವೆ. (ಆ ತೂತುಗಳ ಜೋಡಣೆಯಿಂದಲೂ ಹೆಸರು ಓದಬಹುದು, ಅದು ಬೇರೆ ಮಾತು.)

ವಾಲಿದ ಕಲ್ಲನ್ನೆಲ್ಲ ನೆಟ್ಟಗೆ ಮಾಡುವ ಹುಕಿ ಬೇಡ. ಕೈಯಿಂದ ತಳ್ಳಿದಾಗ ಅಲುಗಾಡುವುದನ್ನು ಮಾತ್ರ ಮುಟ್ಟಿ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕಿಲೋ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ನಾಲ್ಕಂಗುಲ ದಪ್ಪದ ಚಪ್ಪಡಿ 375 ಕಿಲೋ ಆಯಿತು. ನಾಲ್ವರು ಹಾರೆ ಹಿಡಿದು ಎತ್ತುವ ವಸ್ತು ಅದಲ್ಲ. ಮುಕ್ಕಾಲಿ, ಚೈನ್ ಪುಲ್ಲಿ, ಬಟ್ಟೆಯ ಪಟ್ಟಿ ಬೇಕು. ನಿಲ್ಲುವ ಕಲ್ಲಿನ ಮೂರನೇ ಒಂದು ಭಾಗ ನೆಲದೊಳಗೆ, ಸುತ್ತ ಜಲ್ಲಿ ಬಿಗಿದು. ಕಾಂಕ್ರೀಟ್ ಸುರಿದರೆ ಮುಂದೊಮ್ಮೆ ವಾಲುವ ಬದಲು ಬುಡದಲ್ಲೇ ಮುರಿಯುತ್ತದೆ.

ನೇರಸಾಲು

ಇಷ್ಟೆಲ್ಲ ಮಾಡಲು ಯಾವ ನಗರಸಭೆಗೆ ಪುರಸೊತ್ತಿದೆ? ಕಲ್ಲುಗಳನ್ನೆಲ್ಲ ಗೋಡೆ ಪಕ್ಕ ಸಾಲಾಗಿ ನಿಲ್ಲಿಸಿದರೆ ನಡುವೆ ಹುಲ್ಲು ಕತ್ತರಿಸುವುದು ಸುಲಭ, ಜನಕ್ಕೂ ಜಾಗ. ಸಿಂಗಪುರದ ಫೋರ್ಟ್ ಕ್ಯಾನಿಂಗ್‌ನಲ್ಲಿ ಗೋರಿಫಲಕಗಳನ್ನು ಇಟ್ಟಿಗೆ ಗೋಡೆಯಲ್ಲಿ ಕೂರಿಸಿದ್ದಾರೆ, ನೋಡಲು ಚೆನ್ನಾಗಿಯೇ ಇದೆ.

ನಕಾಶೆಗಾರ

@ನೇರಸಾಲು ಚೆನ್ನಾಗಿದೆ, ಒಪ್ಪಿದೆ. ಆದರೆ ಅಲ್ಲಿ ಸಮಾಧಿಗಳನ್ನೇ ತೆರವು ಮಾಡಿದ್ದರು. ಇಲ್ಲಿ ದೇಹಗಳು ಅಲ್ಲೇ ಇರುತ್ತವೆ, ಕಲ್ಲು ಮಾತ್ರ ಜಾಗ ಬಿಡುತ್ತದೆ. ಆಮೇಲೆ ಎಲ್ಲಿ ಅಗೆಯಬಾರದು ಎಂಬುದಕ್ಕೆ ಗುರುತೇ ಇರುವುದಿಲ್ಲ. ಗೋಡೆಗೆ ಸಿಮೆಂಟಿನಲ್ಲಿ ಕೂರಿಸಿದ ಫಲಕಕ್ಕೆ ಹಿಂದಿನಿಂದ ಲವಣ, ಮುಂದಿನಿಂದ ಬಿಸಿಲು. ಮತ್ತೆ ಬಿಡಿಸಿ ತೆಗೆಯಲೂ ಆಗದು. ಕಲ್ಲು ಇದ್ದಲ್ಲೇ ಇರಲಿ, ಉದ್ಯಾನ ಅದರ ಸುತ್ತ ಬರಲಿ. ಕೋಲ್ಕತ್ತದ ಸೌತ್ ಪಾರ್ಕ್ ಸ್ಟ್ರೀಟ್ ಸ್ಮಶಾನವಾಗಲಿ, ನಮ್ಮ ಶ್ರೀರಂಗಪಟ್ಟಣದಲ್ಲಿ ಡೆ ಮ್ಯೂರಾನ್ ಎಂಬ ಸ್ವಿಸ್ ಕೂಲಿ ರೆಜಿಮೆಂಟಿನವರು ಮಲಗಿರುವ ಗ್ಯಾರಿಸನ್ ಸ್ಮಶಾನವಾಗಲಿ, ನೋಡಲು ಹೋಗುವುದು ಸಮಾಧಿಗಳು ತಮ್ಮ ಜಾಗದಲ್ಲೇ ನಿಂತಿವೆ ಎಂದೇ.

ಪೊದೆ ಕಡಿದ ಮೇಲೆ, ಬೇರೆ ಯಾವ ಕೆಲಸಕ್ಕೂ ಮುನ್ನ, ಟೋಟಲ್ ಸ್ಟೇಷನ್‌ನಲ್ಲಿ (ದೂರ, ಕೋನ ಅಳೆಯುವ ಎಲೆಕ್ಟ್ರಾನಿಕ್ ಉಪಕರಣ) ಸರ್ವೆ ಆಗಲಿ. ಪ್ರತಿ ಸಮಾಧಿಗೂ ಸಂಖ್ಯೆ, ಕಲ್ಲಿನ ಜಾತಿ, ಅಳತೆ, ಸ್ಥಿತಿ, ಬರಹ ಸಾಲು ಸಾಲಾಗಿ, ಇದ್ದ ಕಾಗುಣಿತದಲ್ಲೇ. ಸಂಖ್ಯೆಯನ್ನು ಕಲ್ಲಿನ ಮೇಲೆ ಬರೆಯಬೇಡಿ, ಪಕ್ಕದಲ್ಲಿ ಗೂಟಕ್ಕೆ ಕಟ್ಟಿ. ಸವೆದ ಅಕ್ಷರಕ್ಕೆ ಸುಣ್ಣದಕಡ್ಡಿ, ಹಿಟ್ಟು ಬೇಡ. ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಹಗಲಲ್ಲಿ ಕಾಣದ ಇಸವಿ ಎದ್ದು ಕಾಣುತ್ತದೆ. ಉದುರಿದ ಚೂರುಗಳನ್ನು ಸಂಖ್ಯೆ ಸಮೇತ ಶೆಡ್ಡಿನಲ್ಲಿ ಮರದ ಹಲಗೆ ಮೇಲಿಡಿ.

ಕಲ್ಲು ಕಾಣುವಷ್ಟೇ ಸಮಾಧಿಗಳು ಎಂದುಕೊಳ್ಳಬೇಡಿ. ಸಾಮಾನ್ಯ ಸಿಪಾಯಿಗೆ, ಮಕ್ಕಳಿಗೆ ಕಲ್ಲು ಹಾಕಿಸಿದವರು ಕಡಿಮೆ. ಹೆಸರು ಬೇಕಾದರೆ ಚರ್ಚಿನ ಹೂಳಿಕೆ ರಿಜಿಸ್ಟರ್ ನೋಡಿ. ಅದರ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ (ಬ್ರಿಟಿಷ್ ಕಾಲದಲ್ಲಿ ಭಾರತದ ಆಡಳಿತ ನೋಡುತ್ತಿದ್ದ ಲಂಡನ್ ಕಚೇರಿ) ದಾಖಲೆಗಳ ‘ಎನ್’ ಸರಣಿಯಲ್ಲಿವೆ: ಬೆಂಗಳೂರು, ಬಳ್ಳಾರಿ ಕಡೆಯದು ಮದ್ರಾಸಿನ ಎನ್/2, ಬೆಳಗಾವಿ, ಧಾರವಾಡದ್ದು ಬಾಂಬೆಯ ಎನ್/3. ಕಲ್ಲಿಲ್ಲದವರ ಹೆಸರಿಗೆ ಪ್ರವೇಶದ್ವಾರದ ಬಳಿ ಒಂದೇ ಗ್ರಾನೈಟ್ ಫಲಕ ಸಾಕು.

ಬೇರುಬಿಳಲು

ಅರಳಿ, ಆಲದ ಸಸಿಗಳ ಬಗ್ಗೆ ಯಾರೂ ಹೇಳಲಿಲ್ಲ. ಇಟ್ಟಿಗೆ ಸಮಾಧಿಯ ದೊಡ್ಡ ಶತ್ರು ಅದೇ. ಮಳೆಗಾಲ ಮುಗಿಯುವ ಹೊತ್ತಿಗೆ, ಗಿಡ ಚುರುಕಾಗಿರುವಾಗ, ಬುಡಕ್ಕೆ ಕತ್ತರಿಸಿ ಹಸಿ ಗಾಯಕ್ಕೆ ತಕ್ಷಣ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಬ್ರಷ್‌ನಿಂದ ಹಚ್ಚಬೇಕು. ಸಿಂಪಡಿಸಬಾರದು. ಪರವಾನಗಿ ಇರುವ ಕೀಟನಿಯಂತ್ರಣದವರಿಂದಲೇ ಮಾಡಿಸಿ. ಅರ್ಧ ಗಂಟೆ ತಡವಾದರೂ ಗಾಯ ಒಣಗಿ ಔಷಧ ಒಳಗಿಳಿಯುವುದಿಲ್ಲ, ಮರು ವರ್ಷ ಒಂದರ ಜಾಗದಲ್ಲಿ ಐದು ಚಿಗುರು. ಬೇರು ಪೂರ್ತಿ ಸತ್ತ ಮೇಲೆ ಸಡಿಲವಾದಷ್ಟನ್ನು ತೆಗೆದು, ಬಿರುಕಿಗೆ ತೆಳು ಸುಣ್ಣದ ಗಾರೆ ಇಳಿಬಿಡಿ. ಗೋಡೆಯನ್ನೇ ಹಿಡಿದು ನಿಂತಿರುವ ದೊಡ್ಡ ಮರವಾಗಿದ್ದರೆ ಕೊಲ್ಲಬೇಡಿ. ಮರ ಸತ್ತರೆ ಸಮಾಧಿಯೂ ಬೀಳುತ್ತದೆ. ಕೊಂಬೆ ಸವರಿ ಭಾರ ಇಳಿಸಿ, ಸಾಕು.

ಹೊಸದಾಗಿ ಮರ ನೆಡುವ ಆಸೆ ಬಿಡಿ. ಮೂರಡಿ ಗುಂಡಿ ತೋಡಿದರೆ ಮೂಳೆ ಸಿಗುವ ಸಂಭವ ಇದೆ. ಇರುವ ದೇವಕಣಗಿಲೆ, ಸಂಪಿಗೆ ಉಳಿಸಿ, ನೆಲಕ್ಕೆ ಗರಿಕೆ ಹಬ್ಬಿಸಿ. ಹುಲ್ಲು ಕತ್ತರಿಸುವ ನೈಲಾನ್ ದಾರದ ಯಂತ್ರವನ್ನು ಕಲ್ಲಿನಿಂದ ಒಂದು ಗೇಣು ದೂರವೇ ನಿಲ್ಲಿಸಿ, ಬುಡದಲ್ಲಿ ಕತ್ತರಿ ಬಳಸಿ.

ವಾರ್ಡ್‌ಸಮಿತಿ

ಎಲ್ಲರಿಗೂ ಧನ್ಯವಾದ. ಜೆಸಿಬಿ, ಸಿಮೆಂಟ್, ಗೋಡೆಗೆ ಕೂರಿಸುವುದು ಮೂರಕ್ಕೂ ಆಕ್ಷೇಪಣೆ ಬರೆಯುತ್ತೇವೆ. ಟೈಲ್ಸ್ ಮತ್ತು ಹೈಮಾಸ್ಟ್? ಗಾಲಿಕುರ್ಚಿಗೆ ಟೈಲ್ಸೇ ಬೇಕು ಎಂಬ ವಾದ ಇದೆ.

ನಕಾಶೆಗಾರ

ಬೇಕಿಲ್ಲ. ಮೇಲಿನ ಕಸ ಮಾತ್ರ ಕೆರೆದು, ನೆಲ ಅಗೆಯದೆ, ಜಿಯೋಟೆಕ್ಸ್‌ಟೈಲ್ (ನೀರು ಇಳಿಯಬಿಟ್ಟು ಮಣ್ಣು ತಡೆಯುವ) ಬಟ್ಟೆ ಹಾಸಿ, ಮೇಲೆ ಜರಡಿ ಹಿಡಿದ ಮೊರಂ (ಗರಸು ಮಣ್ಣು) 10ರಿಂದ 12 ಸೆಂಟಿಮೀಟರ್. ನೀರು ಚಿಮುಕಿಸಿ ಕೈ ರೋಲರಿನಲ್ಲಿ ಎರಡು ಪದರವಾಗಿ ಗಟ್ಟಿ ಮಾಡಿ. ಕಂಪಿಸುವ ರೋಲರ್ ತರಬೇಡಿ, ಕಾರಣ ಸುಣ್ಣದಗಾರೆ ಅವರು ಹೇಳಿದ ಕಮಾನುಗಳೇ. ಅಗಲ 1.8 ಮೀಟರ್, ಏರು 20 ಅಡಿಗೆ ಒಂದಡಿ ಮೀರದಿದ್ದರೆ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಟೈಲ್ಸ್‌ಗೆ ಅಂಚುಕಲ್ಲು ಬೇಕು, ಅದಕ್ಕೆ ಅಗೆಯಬೇಕು. ಜೊತೆಗೆ ಮಳೆನೀರು ಇಂಗದೆ ಹರಿದು ಸಮಾಧಿಯ ಬುಡಕ್ಕೆ ನಿಲ್ಲುತ್ತದೆ.

ಹೈಮಾಸ್ಟ್ ಪಾಯಕ್ಕೆ ಆಳದ ದೊಡ್ಡ ಗುಂಡಿಯೇ ಬೇಕು, ಅದಂತೂ ಸ್ಮಶಾನದ ಒಳಗೆ ಬೇಡವೇ ಬೇಡ. ಸಂಜೆ ಆರಕ್ಕೆ ಗೇಟು ಹಾಕಿದರೆ ದೀಪದ ಪ್ರಶ್ನೆಯೇ ಇಲ್ಲ. ಬೇಕೇ ಬೇಕೆಂದರೆ ಕಾಂಪೌಂಡ್ ಗೋಡೆಗೆ ಬ್ರಾಕೆಟ್ ದೀಪ, ವೈರು ಗೋಡೆಯ ಮೈಮೇಲೆ ಪೈಪಿನಲ್ಲಿ. ಗೇಟಿನ ಕಂಬದಂಥ ಅನಿವಾರ್ಯ ಗುಂಡಿಗಳನ್ನು ಕೈಯಿಂದಲೇ ತೋಡಿಸಿ. ಮೂಳೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಬಟ್ಟೆ ಮುಚ್ಚಿ, ಪೊಲೀಸರಿಗೂ ಚರ್ಚಿನವರಿಗೂ ತಿಳಿಸಿ. ಅವರು ನೋಡಿ ಒಪ್ಪಿದ ಮೇಲೆ ಅದೇ ಗುಂಡಿಯಲ್ಲಿ ಮುಚ್ಚಿ ಕಂಬದ ಜಾಗ ಬದಲಿಸಿ. ಈ ಕ್ರಮವನ್ನು ಕೆಲಸದ ಆದೇಶದಲ್ಲೇ ಕನ್ನಡದಲ್ಲಿ ಅಚ್ಚು ಮಾಡಿಸಿ, ಅಗೆಯುವವರಿಗೆ ಓದಿ ಹೇಳಿ.