ಪದ ಬೇಕು: ‘ಫ್ಲೋರೆಸೆಂಟ್’ ಕಣ ಮತ್ತು ‘ಲೇಬಲ್’

ಎಲ್ಲರಿಗೂ ನಮಸ್ಕಾರ. ಹೈಸ್ಕೂಲು ಮಕ್ಕಳಿಗಾಗಿ ಕ್ವಾಂಟಮ್ ಡಾಟ್ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. 2023ರಲ್ಲಿ ಬವೆಂಡಿ, ಬ್ರೂಸ್, ಎಕಿಮೋವ್ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತಲ್ಲ, ಅದೇ ಕಣಗಳು. ಬೆಳಕು ಬಿದ್ದಾಗ ತಾವೂ ಬೆಳಗುವ, ಕೆಲವೇ ನ್ಯಾನೋಮೀಟರ್ ಅಗಲದ ಹರಳುಗಳು. ಇವನ್ನು ಪ್ರೋಟೀನಿಗೆ ಅಂಟಿಸಿದರೆ ಅದು ಜೀವಕೋಶದಲ್ಲಿ ಎಲ್ಲಿದೆ ಅಂತ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. 1998ರಲ್ಲಿ ಎರಡು ತಂಡಗಳು ಇಂಥ ಕೆಲಸ ಮಾಡಿ ತೋರಿಸಿದವು.

‘ಫ್ಲೋರೆಸೆನ್ಸ್’ಗೆ ‘ಪ್ರತಿದೀಪ್ತಿ’ ಎಂಬ ಪದ ಈಗಾಗಲೇ ಇದೆ. ನನ್ನ ತಕರಾರು ಆ ‘ಪ್ರತಿ’ಯ ಮೇಲೆ. ಪ್ರತಿಫಲನ, ಪ್ರತಿಬಿಂಬ ಓದಿಕೊಂಡ ಮಕ್ಕಳು ಇದೂ ಬಿದ್ದ ಬೆಳಕು ವಾಪಸ್ ಬರೋದೇ ಅಂದುಕೊಳ್ಳುತ್ತಾರೆ. ಇಲ್ಲಿ ಕಣವು ಬಿದ್ದ ಬೆಳಕನ್ನು ನುಂಗಿ, ಬೇರೆ ಬಣ್ಣದ ಬೆಳಕನ್ನು ಬಿಡುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಹಾಯಿಸಿದರೆ ಕ್ಯಾಡ್ಮಿಯಮ್ ಸೆಲೆನೈಡ್‌ನ 2 ನ್ಯಾನೋಮೀಟರ್ ಕಣದಿಂದ ನೀಲಿ ಬರುತ್ತದೆ, ಅದೇ ವಸ್ತುವಿನ 6 ನ್ಯಾನೋಮೀಟರ್ ಕಣದಿಂದ ಕೆಂಪು. ದೀಪ ಆರಿಸಿದರೆ ಅದೂ ನಿಂತುಹೋಗುತ್ತದೆ. ನಮ್ಮ ನೋಟುಗಳಲ್ಲಿರುವ ಸಣ್ಣ ಎಳೆಗಳು ನೇರಳಾತೀತ ದೀಪದಡಿ ಬೆಳಗುವುದೂ ಇದೇ ಗುಣದಿಂದ.

‘ಹೊಳೆಯುವ ಕಣ’ ಅನ್ನೋಣವೇ? ತಿಕ್ಕಿದ ಪಾತ್ರೆಯೂ ಹೊಳೆಯುತ್ತದೆ. ‘ಮಿನುಗುವ ಕಣ’ ಕೇಳಲು ಚೆಂದ. ಆದರೆ ಆ ಪದ ಇನ್ನೊಂದು ಕಡೆ ಬೇಕಾಗುತ್ತದೆ. ಒಂಟಿ ಕ್ವಾಂಟಮ್ ಡಾಟ್ ನಿಜಕ್ಕೂ ಮಿನುಗುತ್ತದೆ! ಮೇಲಿನ ದೀಪ ಒಂದೇ ಸಮನೆ ಉರಿಯುತ್ತಿದ್ದರೂ ಅದು ಸ್ವಲ್ಪ ಹೊತ್ತು ಬೆಳಗಿ, ಸುಮ್ನೆ ಆರಿ, ಮತ್ತೆ ಬೆಳಗುತ್ತದೆ. ಈ ಚಾಳಿಗೆ ‘ಮಿನುಗು’ಗಿಂತ ಸರಿಯಾದ ಪದ ಸಿಗಲಾರದು, ಅದನ್ನು ಇಲ್ಲೇ ಖರ್ಚು ಮಾಡಲು ಮನಸ್ಸಿಲ್ಲ. ಸದ್ಯಕ್ಕೆ ‘ಮರುಬೆಳಗು’ ಎಂದು ಬರೆದಿಟ್ಟಿದ್ದೇನೆ. ‘ಮರು’ ಅಂದರೂ ವಾಪಸ್ ಬಂದಂತೆಯೇ ಕೇಳುತ್ತದೆ, ಅಲ್ವಾ? ಹೀಗಾಗಿ ಪೂರ್ತಿ ಒಪ್ಪಿಗೆಯಾಗಿಲ್ಲ.

‘ಡಾಟ್’ಗೆ ‘ಚುಕ್ಕಿ’ ಸಾಕು. ನಕ್ಷತ್ರಕ್ಕೂ ಚುಕ್ಕಿ ಅನ್ನುವವರು ಇರುವುದರಿಂದ ಬೆಳಗುವ ಕಣಕ್ಕೆ ಅದು ಚೆನ್ನಾಗಿಯೇ ಒಪ್ಪುತ್ತದೆ.

ಇನ್ನು ‘ಲೇಬಲ್ ಮಾಡುವುದು’, ಅಂದರೆ ಪ್ರೋಟೀನಿಗೆ ಈ ಕಣವನ್ನು ಗುರುತಾಗಿ ಅಂಟಿಸುವುದು. ‘ಹಣೆಪಟ್ಟಿ ಕಟ್ಟು’ ಅಂದರೆ ಬೈದ ಹಾಗಾಗುತ್ತದೆ. ‘ಹಚ್ಚು’ ಎಂದರೆ ಬಣ್ಣ ಬಳಿದಂತೆ. ನಡೆಯುವುದು ಹಾಗಲ್ಲ. ಕಣವನ್ನು ಮೊದಲು ಒಂದು ಪ್ರತಿಕಾಯಕ್ಕೆ ಜೋಡಿಸುತ್ತಾರೆ. ಆ ಪ್ರತಿಕಾಯ ತನಗೆ ಒಗ್ಗುವ ಪ್ರೋಟೀನನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ಮೇಲಿನ ಹೊದಿಕೆಗಳೂ ಸೇರಿದರೆ ಕಣವೇ ಎಷ್ಟೋ ಸಲ ಪ್ರೋಟೀನಿಗಿಂತ ದೊಡ್ಡದಿರುತ್ತದೆ. ಹಾಗಾಗಿ ‘ಚೀಟಿ’ ಅನ್ನಲೂ ಬಾಯಿ ಬರುತ್ತಿಲ್ಲ. ‘ಗುರುತುಕಣ’, ‘ಗುರುತು ಕಟ್ಟು’ ಹೇಗನ್ನಿಸುತ್ತದೆ?

ಜೀವಶಾಸ್ತ್ರದ ಲ್ಯಾಬ್‌ಗಳಲ್ಲಿ ಇರುವವರು ದಯವಿಟ್ಟು ತಿಳಿಸಿ: ನಿಮ್ಮಲ್ಲೇ ಕನ್ನಡದಲ್ಲಿ ಮಾತಾಡುವಾಗ ‘ಟ್ಯಾಗ್ ಮಾಡು’ ಅಂತಲೇ ಹೇಳುತ್ತೀರಾ, ಬೇರೆ ಏನಾದರೂ ಬಳಕೆಯಲ್ಲಿದೆಯಾ?